ಕಮಾಂಡಿನ ಚರಿತ್ರೆಯಲ್ಲಿ ಇಲ್ಲದ ಆರು ಮಂದಿ

ಗುತ್ತಿಗಾರು
6-11-2025

ಪ್ರೀತಿಯ ನವ್ಯಾ,

ನಿನ್ನ ಅಪ್ಪನ ವಿಮಾನ ಸಿಗುವವರೆಗೂ ಹುಡುಕುತ್ತೇವೆ ಎಂದಿದ್ದರು. ಇಪ್ಪತ್ತೇ ದಿನಕ್ಕೆ ನಿಲ್ಲಿಸಿದರು. ತನಿಖೆಯ ವರದಿ ಕೊಡುತ್ತೇವೆ ಎಂದರು; ಕೇಳಿದಾಗ ಗೋಪ್ಯ ಎಂದರು. ಮತ್ತೆ ಕೇಳಿದ್ದಕ್ಕೆ, ನಿನ್ನ ಅಪ್ಪ ಕೆಲಸ ಮಾಡುತ್ತಿದ್ದ ವಾಯುಪಡೆಯ ಕಮಾಂಡೇ ಈಗ ಇಲ್ಲ, ಇನ್ನೊಂದರಲ್ಲಿ ವಿಲೀನವಾಗಿದೆ ಎಂದು ಬರೆದರು. ಕಡೆಗೆ, ಕಮಾಂಡಿನ ಚರಿತ್ರೆ ಅಚ್ಚಾಗುತ್ತಿದೆ, ಅದರಲ್ಲಿ ಹೆಸರು ಬರುತ್ತದೆ ಎಂದರು. ಪುಸ್ತಕ ಬಂತು. ಹೆಸರಿಲ್ಲ.

ಬರೆದವರೇ ತಂದುಕೊಟ್ಟರು, ಪುತ್ತೂರಿನ ನಿವೃತ್ತ ಅಧಿಕಾರಿ ವಿಷ್ಣುಪ್ರಸಾದ್. ಮುನ್ನೂರು ಪುಟ. ಧ್ವಜ ಏರಿಸಿದ ದಿನ, ಇಳಿಸಿದ ದಿನ, ದೊಡ್ಡವರ ಫೋಟೊಗಳು. ಗೆದ್ದ ಹಾಕಿ ಕಪ್ಪಿಗೂ ಅರ್ಧ ಪುಟ. ಆರು ಮಂದಿಯನ್ನು ಹೊತ್ತು ಹೋದ ವಿಮಾನಕ್ಕೆ ಒಂದು ಸಾಲು: ಸಂಪರ್ಕ ಕಡಿದುಕೊಂಡಿತು. ತಾನಾಗಿ ಸಂಪರ್ಕ ಕಡಿದುಕೊಳ್ಳಲು ಅದೇನು ಮುನಿಸಿಕೊಂಡ ಅಳಿಯನೇ? ಇಂಜಿನ್ ಸರಿಯಿಲ್ಲ ಎಂದು ನಿನ್ನ ಅಪ್ಪ ಎರಡು ಸಲ ಬರೆದುಕೊಟ್ಟಿದ್ದರು. ಹಾರಿಸಿ ಎಂದದ್ದು ಆ ಕಮಾಂಡ್.

ಚಾ ಕೊಡುವ ಮೊದಲೇ ಕೇಳಿದೆ, ದೇರಣ್ಣ ಅಂತ ನಮ್ಮವರ ಹೆಸರು ಎಲ್ಲಿ ಉಂಟು ಮಾರಾಯ್ರೆ ಇದರಲ್ಲಿ ಅಂತ. ಸತ್ತವರ ಪಟ್ಟಿ ಉಂಟು ಶೀಲಕ್ಕ, ಸತ್ತಿದ್ದಾರೆ ಅಂತ ನೀವೇ ಸಹಿ ಹಾಕ್ಲಿಲ್ಲ, ನಾನೆಂತ ಮಾಡುದು ಅಂದರು. ಈಗ ಹಾಕಿದರೆ ಎರಡನೇ ಮುದ್ರಣದಲ್ಲಿ ಸೇರಿಸುತ್ತಾರಂತೆ. ಹಾಕಿದರೆ ತನಿಖೆ ಅಲ್ಲಿಗೇ ಮುಗಿಯುತ್ತದಾ ಎಂದೆ. ನಿಯಮ ಹಾಗೆ ಉಂಟು ಅಂದರು. ಹಾಗಾದರೆ ನಿಮ್ಮ ಪುಸ್ತಕ ತೆಗೊಂಡು ಹೋಗಿ ಎಂದೆ.

ಒಂಬತ್ತು ವರ್ಷ ಆಯ್ತಲ್ಲ ಅವ್ವ, ಇನ್ನೂ ಎಂತ ಹಠ ಅಂತ ನೀನು ಬೈಯುತ್ತೀಯ. ಹಠವೇ. ರಬ್ಬರ್ ಕಾರ್ಮಿಕರ ಸಂಘದಲ್ಲಿ ನಾನು ಕಲಿತದ್ದು ಒಂದೇ: ಕೇಳಿದ್ದು ಕೈಗೆ ಬರುವ ಮೊದಲು ಸಹಿ ಹಾಕಬಾರದು. ಆಲಂಕಾರಿನ ಮೈಮೂನಮ್ಮನಿಗೂ ಅದನ್ನೇ ಹೇಳಿದ್ದೆ. ಅವರ ಮಗನೂ ಅದೇ ವಿಮಾನದಲ್ಲಿದ್ದ. ಶೀಲಕ್ಕ, ಅವನ ಹೆಸರಲ್ಲಿ ಒಂದು ಮಯ್ಯತ್ ನಮಾಜ್ ಆದರೂ ಮಾಡಿಸ್ಲಾ ಅಂತ ಅಂಗಲಾಚಿದ್ದರು. ಸತ್ತ ಅಂತ ನಾವೇ ಒಪ್ಪಿದರೆ ಅವರಿಗೆ ಸುಲಭ ಆಗ್ತದೆ, ಬೇಡ ಎಂದೆ. ಇವತ್ತಿನವರೆಗೂ ಮಾಡಿಸಿಲ್ಲ ಅವರು.

ಫೋನಿನಲ್ಲಾದರೆ ನೀನು ನಡುವೆ ಅಳುತ್ತೀಯ, ಅದಕ್ಕೆ ಬರೆದೆ. ಆಸ್ಪತ್ರೆಯ ಡ್ಯೂಟಿ ಎಂದು ಊಟ ಬಿಡಬೇಡ.

ನಿನ್ನ ಅವ್ವ,
ಶೀಲಾವತಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ದೀಪಾವಳಿಗೆ ತೀರಿಹೋದ ಹಿರಿಯರಿಗೆ ಅಗೇಲು ಬಡಿಸುವಾಗ ಒಂದು ಎಲೆ ಹೆಚ್ಚು ಹಾಕಿದೆ. ರೊಟ್ಟಿ, ಕೋಳಿಸಾರು ಬಡಿಸಿ, ಉಣ್ಣಲು ಬನ್ನಿ ಎಂದು ನಿನ್ನ ಅಪ್ಪನನ್ನು ಹೆಸರು ಹಿಡಿದು ಕರೆದೆ. ಬದುಕಿದ್ದಾಗ ಒಮ್ಮೆಯೂ ಹಾಗೆ ಕರೆದವಳಲ್ಲ. ಈ ವರ್ಷ ಮಾತ್ರ ಅಲ್ಲ ನವ್ಯಾ, ಇದು ಆರನೇ ಸಲ. ಮೈಮೂನಮ್ಮನನ್ನು ತಡೆದು ಕೂರಿಸಿ ನಾನು ನನ್ನ ಸತ್ತವರಿಗೆ ಉಣಿಸುತ್ತಿದ್ದೆ. ನಮಾಜ್ ಮಾಡಿಸಿ, ಸಹಿ ಮಾತ್ರ ಬೇಡ ಎಂದು ಅವರ ಮುಖ ನೋಡಿ ಹೇಳಬೇಕು, ಇದನ್ನೂ ಹೇಳಬೇಕು. ಕೇಳಿದ ಮೇಲೂ ಅವರು ನನ್ನ ಜೊತೆ ನಿಂತರೆ ಹೋರಾಟ ಉಂಟು. ಇಲ್ಲದಿದ್ದರೆ ನಾನೊಬ್ಬಳೇ. ನೀನೂ ಬಾ. ಆಲಂಕಾರಿನಲ್ಲಿ ಅವರ ಮನೆ. ನವೆಂಬರ್ ಹದಿನಾರು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.