ಬಾಗಿಲ ಪಕ್ಕದ ಕುರ್ಚಿ

ಹೊಳಲ್ಕೆರೆ
14 ಆಗಸ್ಟ್ 1977, ಭಾನುವಾರ

ಆ ಕುರ್ಚಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಮ್ಮ ಹೃದಯರೋಗಿಗಳ ಕೂಟಕ್ಕೆ ಇಂದು ಪಾಪಣ್ಣನವರು ಬಂದರು. ನಿವೃತ್ತ ಡ್ರಿಲ್ ಮೇಷ್ಟರು. ಇನ್ನು ಮೇಲೆ ಕೂಟವನ್ನು ಸಂಬಳವಿಲ್ಲದೆ ನಡೆಸಿಕೊಡುತ್ತಾರಂತೆ. ಇಷ್ಟು ವರ್ಷ ನಾನು ನಡೆಸಿದ್ದು ಯಾವ ಸಂಬಳಕ್ಕೋ. ಅವರಿಗೆ ಹಾರವನ್ನೂ ನಮ್ಮ ಡಾಕ್ಟರು ನನ್ನ ಕೈಯಿಂದಲೇ ಹಾಕಿಸಿದರು.

ಕೈಯಿರುವ ಕುರ್ಚಿ ನಮ್ಮಲ್ಲಿ ಒಂದೇ. ಅದು ಬಾಗಿಲ ಪಕ್ಕದಲ್ಲಿರುತ್ತದೆ. ಏದುಸಿರು ಬಿಡುತ್ತ ಬಂದವರು ಅದರಲ್ಲಿ ಕೂರಬೇಕು. ಅವರಾಗಿ ಬಾಯಿ ಬಿಡುವವರೆಗೆ ಯಾರೂ ಮಾತಾಡಿಸಬಾರದು. ಯಾರೋ ಮಾಡಿದ ನಿಯಮವಲ್ಲ, ನಮ್ಮ ಎದೆಗಳೇ ಕಲಿಸಿದ್ದು. ಇಂದು ಅದನ್ನೇ ಎತ್ತಿಕೊಂಡು ಹೋಗಿ ಮೇಷ್ಟರಿಗೆ ಹಾಕಿದ್ದರು.

ತಾಳ್ಯದ ಬಸ್ಸಿಳಿದು ನಮ್ಮ ಕೂಟದ ಓಬಮ್ಮ ನಡೆದು ಬಂದಳು. ಎಂದಿನಂತೆ ಬಾಗಿಲಲ್ಲಿ ಕುರ್ಚಿಗೆ ಕೈ ಚಾಚಿದಳು. ಸಿಕ್ಕಿದ್ದು ಗೋಡೆ.

“ಅಲ್ಲೇ ನಿಂತು ಹೆಸ್ರು, ಊರು ಹೇಳ್ರಿ ತಾಯಿ. ಹಿಂದೆ ಕೂತೋರಿಗೂ ಕೇಳಿಸ್ಬೇಕು,” ಎಂದರು ಪಾಪಣ್ಣ, ಅದೇ ಕುರ್ಚಿಯಲ್ಲಿ ಕೂತು.

ಹೇಳಿದಳು, ಪಾಪ. ಹೆಸರು ಮುಗಿದು ಊರು ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಮೇಷ್ಟರು ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಕೂಟಕ್ಕೆ ಈಗ ಶಿಸ್ತು ಬಂತೆಂದು ಡಾಕ್ಟರಿಗೂ ಖುಷಿಯೋ ಖುಷಿ.

ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಿಧಾನವಾಗಿ ನಡೆದೆ. ದಾರಿಯಲ್ಲಿ ಒಂದು ಅಂಗಡಿಯ ಕಟ್ಟೆ ಮೇಲೆ ಕೂತಳು. ಸುಧಾರಿಸಿಕೊಳ್ಳುವವರೆಗೆ ನಾನು ಮಾತಾಡಿಸಲಿಲ್ಲ. ಆಮೇಲೆ ಅವಳೇ ಹೇಳಿದಳು:

“ಅಲ್ಲಿ ಕುಂತ್ಕಂಡು ಒಂದೀಟು ಉಸಿರಾಡಾಕಂತ ಬರ್ತಿದ್ದೆ ಕಣಕ್ಕ. ನಿಂತ್ಕಳಾಕೆ ಮನೆ ಐತೆ ಬಿಡು.”