ತಲೆಯ ಬಾಗಿಲು ತೆರೆದದ್ದು ಖರೇ

೧೪ ಜುಲೈ ೨೦೨೫, ಸೋಮವಾರ. ಇಂಡಿ
ಪೇಪರಿಗೆ ಹಾಸ್ಯ ಕಾಲಂ ಕಳಿಸಿದೆ. ಸಂಪಾದಕರ ಫೋನ್: "ಕಾಂತು ಸರ್, ಈ ವಾರ ನಗು ಸ್ವಲ್ಪ ಕಮ್ಮಿ ಬಿದ್ದೈತ್ರಿ." ಮುಂದಿನ ಸಲ ಒಗ್ಗರಣೆ ಹಾಕುವುದಾಗಿ ವಚನವಿತ್ತೆ.
ತಮ್ಮ ಸಿದ್ಧರಾಮನನ್ನು ಆಸ್ಪತ್ರೆಯವರು ಹೊಸ ಚಿಕಿತ್ಸೆಯೊಂದರ ಟ್ರಯಲ್‌ಗೆ ತಗೊಂಡರು. ಮಿದುಳಿನ ಗಡ್ಡೆ. ಆಪರೇಷನ್ ಆದಮೇಲೂ ಮತ್ತೆ ಚಿಗುರಿದ ಮಹಾನುಭಾವ. ಡಾಕ್ಟರ್ ಪಲ್ಲವಿ ಫೋನಿನಲ್ಲೇ ಪಾಠ ಮಾಡಿದರು — ಮಿದುಳಿನ ರಕ್ತನಾಳದ ಗೋಡೆ ಬಲು ಬಿಗಿ, ಔಷಧವನ್ನೂ ಒಳಗೆ ಬಿಡದು. ರಕ್ತಕ್ಕೆ ಸಣ್ಣ ಗುಳ್ಳೆ ಬಿಟ್ಟು, ಹೊರಗಿನಿಂದ ಗಡ್ಡೆಯತ್ತ ಅಲ್ಟ್ರಾಸೌಂಡ್ ಗುರಿಯಿಟ್ಟರೆ ಗುಳ್ಳೆಗಳು ಕುಣಿಯುತ್ತವೆ, ಗೋಡೆ ಕೆಲ ತಾಸು ಸಡಿಲ. ಅಷ್ಟರಲ್ಲಿ ಔಷಧ ನುಗ್ಗಬೇಕು.
ಸಿದ್ಧ ಆಲಮಟ್ಟಿ ಡ್ಯಾಮಿನಲ್ಲಿ ಗೇಟ್ ಆಪರೇಟರ್. ನಕ್ಕ. "ಗೇಟ್ ಎತ್ತೂದು ನನಗ ಕಲಸಾಕತ್ತಾರೇನಣ್ಣಾ?"

೧೬ ಜುಲೈ. ಅಗರಖೇಡ
ವಿಘ್ನ. ತಲೆ ಪೂರ್ತಿ ಬೋಳಿಸಬೇಕು, ಕೂದಲು ಸೌಂಡನ್ನು ಅಡ್ಡಗಟ್ಟುತ್ತದಂತೆ. ನಮ್ಮಲ್ಲಿ ಮಗ ತಲೆ ಬೋಳಿಸಿಕೊಳ್ಳುವುದು ಅಪ್ಪ ಸತ್ತಾಗ. ನಮ್ಮಪ್ಪ ಕಾಳಪ್ಪ — ಕುರಿ ಕಾಯುವುದು ಬಿಟ್ಟಿದ್ದಾನೆ, ಬೈಯುವುದು ಬಿಟ್ಟಿಲ್ಲ — ಕಟ್ಟೆಯಿಂದಲೇ ಗುಡುಗಿದ.
"ನಾ ಇನ್ನಾ ರೊಟ್ಟಿ ಕಡಿಯಾಕತ್ತೇನಿ. ಜೀವಂತ ಇರಾಗ ಬೋಳಸ್ಕೋತಿಯೇನಲೇ?"
ಅವ್ವ: "ಕೂದ್ಲಾ ಮತ್ತ ಬರ್ತಾವ. ಮಗಾ ಬರ್ತಾನೇನು?"
ಅಪ್ಪ ತಾನೇ ಎದ್ದು ಹೋಗಿ ಕ್ಷೌರದ ಸೋಮನಿಂಗನನ್ನು ಕರೆತಂದ. ಸಿದ್ಧ ಒಬ್ಬನೇ ಯಾಕೆಂದು ನಾನೂ ತಲೆ ಒಡ್ಡಿದೆ. ಭ್ರಾತೃಪ್ರೇಮ. ಕೂದಲ ಕೆಳಗೆ ನನ್ನ ತಲೆ ಇಷ್ಟು ಅಂಕುಡೊಂಕಿದೆ ಅಂತ ಗೊತ್ತಿರಲಿಲ್ಲ.

೧೭ ಜುಲೈ
ಆಗಬೇಕಾದ್ದೇ ಆಯಿತು. ಇಬ್ಬರು ಮಕ್ಕಳ ತಲೆ ನುಣ್ಣಗೆ — ಊರಿಗೆ ಇನ್ನೇನು ಪುರಾವೆ ಬೇಕು? ಮಧ್ಯಾಹ್ನ ಝಳಕಿಯಿಂದ ಅಪ್ಪನ ಸೋದರಳಿಯ ಚಂದ್ರಾಮ ಜೀಪು ತುಂಬಿಕೊಂಡು, ಹಾರ ಸಮೇತ ಬಂದ. ಹೆಂಗಸರ ಅಳು ಓಣಿ ತುದಿಯಿಂದಲೇ ಶುರು. ಬಾಗಿಲಲ್ಲಿ ಅಪ್ಪ, ಖುದ್ದು.
"ಯಾರು ಹೋದ್ರೋ ಚಂದ್ರಾಮ?"
"ನೀವ... ಮಾವಾ."
"ಹಂಗಾರ ಕೂಡ್ರಿ. ಚಾ ಕುಡದು ಹೋಗ್ರಿ."
ಹಾರ ಎಮ್ಮೆಗೆ ಸಂದಿತು. ಸಿದ್ಧ ಹೊಟ್ಟೆ ಹಿಡಿದು ನಕ್ಕ. ಅಪ್ಪನೂ ನಕ್ಕು, ನಗುತ್ತಲೇ ಹಿತ್ತಲಿಗೆ ಹೋದ. ಹಿಂದೆ ಹೋದೆ. ಗೋಡೆಗೆ ಮುಖ ಮಾಡಿ ನಿಂತಿದ್ದ.
"ಅವ್ರ ಸುದ್ದಿ ಖರೇ ಆಗಿದ್ರ ಚಲೋ ಇತ್ತಲೋ ಕಾಂತೂ."


೧೯ ಜುಲೈ, ಸಂಜೆ. ಆಸ್ಪತ್ರೆ
ಸಿದ್ಧನ ತಲೆಗೆ ಕಿರೀಟದಂಥದೊಂದು ಬಿಗಿದು ಮಷಿನ್ನಿನೊಳಗೆ ತಳ್ಳಿದರು. ಆಮೇಲೆ ಪಲ್ಲವಿ ಸ್ಕ್ಯಾನ್ ತೋರಿಸಿದರು. ಗಡ್ಡೆಯ ಅಂಚಿನಲ್ಲಿ ಮುಂಚೆ ಕಪ್ಪಿದ್ದಲ್ಲಿ ಈಗ ಬೆಳ್ಳಗೆ; ರಕ್ತಕ್ಕೆ ಬಿಟ್ಟ ಬಣ್ಣ ಗೋಡೆ ದಾಟಿತ್ತು. "ತೆರೀತು, ನೋಡಿ ಸರ್!" ಅಂತ ಚಪ್ಪಾಳೆ. ಕೂಡಲೇ ಔಷಧ ಏರಿಸಿದರು.
ಸಿದ್ಧ: "ಎಷ್ಟು ಕ್ಯೂಸೆಕ್ ಬಿಟ್ರಿ ಮೇಡಂ?"
ಸಿದ್ಧ ಉಳಿಯುತ್ತಾನೆ ಅಂತ ನಂಬಿಬಿಟ್ಟೆ ಇವತ್ತು. ಬರೆದಿಟ್ಟಿರುತ್ತೇನೆ.

೨೩ ಸೆಪ್ಟೆಂಬರ್
...ಬರೆಯಲಿಕ್ಕೆ ಕೈ ಬಂದಿರಲಿಲ್ಲ.
ಮತ್ತೆರಡು ಸಲ ತೆರೆದರು. ಪ್ರತಿ ಸಲವೂ ತೆರೆಯಿತು. ಗಡ್ಡೆ ಬೆಳೆಯಿತು, ಆಚೆ ಬದಿಗೂ ದಾಟಿದೆ. ಪಲ್ಲವಿ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. "ವಿಧಾನ ಕೆಲಸ ಮಾಡ್ತು ಸರ್. ಔಷಧ ಮಾಡ್ಲಿಲ್ಲ." ಟ್ರಯಲ್ ಮುಗಿಯಿತು. ಮನೆಗೆ ಕರಕೊಂಡು ಹೋಗಿ ಅಂದರು.
ಸಿದ್ಧನ ಬಲಗೈ ಏಳುತ್ತಿಲ್ಲ. ಮಾತು ಹುಡುಕಿ ಹುಡುಕಿ ತರುತ್ತಾನೆ. "ಗೇಟ್ ಎತ್ತಿದ್ರೂ... ಕಾಲುವಿ ಟೇಲೆಂಡಿಗೆ... ನೀರು ಬರಂಗಿಲ್ಲಣ್ಣಾ. ತುದೀಗಿರೋ ಇಂಡಿಯವಗ... ನಾ ಹೇಳಬೇಕೇನು?"

೨೬ ಸೆಪ್ಟೆಂಬರ್. ಅಗರಖೇಡ
ಸಿದ್ಧ ಒಳಗೆ ಮಲಗಿದ್ದಾನೆ. ಕಟ್ಟೆ ಮೇಲೆ ಅಪ್ಪ, ನಾನು. ಹೇಳಿಬಿಡಬೇಕು ಅಂತಲೇ ಕೂತದ್ದು. ಅವನೇ ಮೊದಲು ಕೇಳಿದ.
"ತಲಿ ಬಾಗ್ಲಾ ತೆರೀತೇನೋ?"
"ತೆರೀತಪ್ಪಾ."
"ಔಷಧ ಒಳಗ ಹೋತೇನು?"
"ಹೋತು."
ಎರಡೂ ಖರೇ. ಅಪ್ಪ ಎದ್ದ. ಮುಖ ಸಣ್ಣ ಹುಡುಗನದಂತೆ ಅರಳಿತ್ತು. ಒಳಗಿದ್ದ ಅವ್ವನಿಗೆ ಕೂಗಿದ: "ಏ ಚಂದವ್ವಾ, ಹೋಳಿಗಿಗೆ ಬ್ಯಾಳಿ ಇಡ! ಔಷಧ ಒಳಗ ಹೋಗೇತಂತ!"
ನಾನು ಬಾಯಿ ತೆರೆದೆ. ಅವ್ವ ಆಗಲೇ ಬೇಳೆ ಡಬ್ಬಿ ಇಳಿಸುತ್ತಿದ್ದಳು. ಹೇಳಬೇಕಾದ್ದನ್ನು ಹೇಳದೆ, ಮೊರ ತಗೊಂಡು ಅವಳ ಪಕ್ಕ ಬೇಳೆ ಆರಿಸಲು ಕೂತೆ.