ಮಾತು ಕೇಳದ ಕಾಲುಗಳು

ಇಳಕಲ್ಲ, ಜಿ. ವಿಜಾಪುರ
ತಾ. ೧೭ ಫೆಬ್ರುವರಿ ೧೯೮೪, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ನೀಲಪ್ಪನ ಶರಣು. ಹೇಗಿದ್ದೀ? ವಾಂತಿ ನಿಂತಿತೋ ಇಲ್ಲವೋ? ಏಳನೆಯ ತಿಂಗಳಲ್ಲೂ ಕದ್ದು ಕೆಮ್ಮಣ್ಣು ತಿನ್ನುತ್ತೀಯಂತೆ, ಭಾವನವರು ಅಪ್ಪನಿಗೆ ಬರೆದಿದ್ದರು. ಬೇಡ ನನ್ನವ್ವಾ, ಸೊಲ್ಲಾಪುರದ ಮಣ್ಣು ಎಂಥದೋ ಏನೋ. ಭಾವನವರಿಗೆ ಗಿರಣಿಯಲ್ಲಿ ಹಗಲು ಪಾಳಿ ಸಿಕ್ಕಿತೇ? ಸಿಕ್ಕಿದ್ದರೆ ನೀರು ಹೊರುವ ಕೆಲಸ ಅವರಿಗೇ ಬಿಡು, ನಾಚಿಕೊಳ್ಳಬೇಡ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದೆ. ಇನ್ನು ಮುಂದಿನದು ಖರೆ ಸುದ್ದಿ. ಕುಳಿತುಕೊಂಡು ಓದು, ಮನಸ್ಸಿನಲ್ಲೇ ಓದು.

ನಾನು ರಜೆಯ ಮೇಲೆ ಬಂದಿಲ್ಲ ಅಕ್ಕಾ. ಅಪ್ಪನಿಗೆ, ಓಣಿಗೆ, ಕಾರ್ಡು ಬರೆದು ನಿನಗೆ, ಎಲ್ಲರಿಗೂ ಹೇಳಿದ್ದು ಸುಳ್ಳು. ವಾಯುದಳದ ತರಬೇತಿಯಿಂದ ನನ್ನನ್ನು ಹದಿನೈದು ದಿನ ಹೊರಗೆ ಹಾಕಿದ್ದಾರೆ. ಬರುವ ಸೋಮವಾರ, ಇಪ್ಪತ್ತನೆಯ ತಾರೀಖು, ಬೆಳಿಗ್ಗೆ ಎಂಟಕ್ಕೆ ಕೊನೆಯ ಪರೀಕ್ಷೆ. ಪಾಸಾದರೆ ಜೆಟ್ ವಿಮಾನಕ್ಕೆ ಹತ್ತಿಸುತ್ತಾರೆ. ಆಗದಿದ್ದರೆ ಹೆಸರು ಹೊಡೆದುಹಾಕಿ ಮನೆಗೆ ಕಳಿಸುತ್ತಾರೆ. ಸಾಲಿಯ ಅಂಗಳದಲ್ಲಿ ನಿಂತು ಮೊದಲ ಸಲ ವಿಮಾನ ನೋಡಿದ ದಿನದಿಂದ ನಾನು ಬೇರೆ ಏನನ್ನೂ ಬಯಸಿದವನಲ್ಲ, ನಿನಗೇ ಗೊತ್ತು. ಈಗ ಅದು ಕೈಬಿಟ್ಟು ಹೋಗುವ ಹೊತ್ತು ಬಂದಿದೆ.

ಸೋತದ್ದಾದರೂ ಎಲ್ಲಿ ಎಂದೀ? ಆಕಾಶದಲ್ಲಲ್ಲ. ಹೋದ ಸಲ ನೀನು ‘ಸುಳ್ಳ ಇಮಾನ’ ಎಂದು ನಗೆಯಾಡಿ ಬರೆದಿದ್ದೆಯಲ್ಲ, ಆ ಸಿಮ್ಯುಲೇಟರಿನಲ್ಲಿ. ಅದು ನೆಲಕ್ಕೆ ಬಿಗಿದ ಒಂದು ಡಬ್ಬಿ. ಒಳಗೆ ಜೆಟ್ಟಿನಲ್ಲಿರುವ ಹಾಗೆಯೇ ಕುರ್ಚಿ, ಪಟ್ಟಿ, ಕೈಗೆ ಕೋಲು, ಕಾಲಿಗೆ ಎರಡು ಪೆಡಲು, ಮುಂದೆ ನಲವತ್ತು ಗಡಿಯಾರಗಳು. ಕಿಟಕಿಗೆ ಹಾಲಿನ ಬಣ್ಣ ಬಳಿದಿರುತ್ತಾರೆ, ಮೋಡದೊಳಗೆ ಇದ್ದೇನೆ ಎಂದು ತಿಳಿದುಕೊಳ್ಳಬೇಕು. ಕಲಿಸುವ ಸಾಹೇಬರು ಪಕ್ಕದ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತು, ನಮಗೆ ಹೇಳದೆ ಕೇಳದೆ ಒಂದೊಂದು ರೋಗ ಹಚ್ಚುತ್ತಾರೆ. ಎಂಜಿನ್ ಆರಿಸುತ್ತಾರೆ, ಬೆಂಕಿಯ ದೀಪ ಹಚ್ಚುತ್ತಾರೆ, ಎಣ್ಣೆ ಸೋರಿಸುತ್ತಾರೆ. ಅವೆಲ್ಲದರಲ್ಲಿ ನಾನು ನಮ್ಮ ತಂಡಕ್ಕೇ ಮೊದಲಿಗ, ಜಂಬವಲ್ಲ. ನಾನು ಸಾಯುವುದು ಗಿರಕಿಯಲ್ಲಿ.

ವಿಮಾನ ಹಿಡಿತ ತಪ್ಪಿ ಬುಗುರಿಯಂತೆ ತಿರುಗುತ್ತಾ ಬೀಳುವುದಕ್ಕೆ ಗಿರಕಿ ಎನ್ನುತ್ತೇವೆ. ಎಡಕ್ಕೆ ತಿರುಗುತ್ತಿದ್ದರೆ ಬಲಗಾಲಿನ ಪೆಡಲನ್ನು ತಳಮುಟ್ಟ ಒತ್ತಬೇಕು, ತಿರುಗುವುದು ನಿಲ್ಲುವವರೆಗೂ ಒತ್ತಿಯೇ ಹಿಡಿಯಬೇಕು. ಇಷ್ಟೇ ವಿದ್ಯೆ. ಕೂಸಿಗೂ ತಿಳಿಯುತ್ತದೆ. ನಾನು ಬಲಗಾಲು ಒತ್ತುತ್ತೇನೆ, ಮೂರು ಎಣಿಸುವುದರೊಳಗೆ ಅದು ತಾನಾಗಿ ಮೇಲೆ ಬರುತ್ತದೆ, ಎಡಗಾಲು ಕೆಳಗೆ ಹೋಗುತ್ತದೆ. ಗಿರಕಿ ಇನ್ನಷ್ಟು ಜೋರಾಗುತ್ತದೆ. ಮೊದಲು ಪಂಖದ ವಿಮಾನದಲ್ಲಿ ಕಲಿಯುವಾಗ ಗುರುವಿನ ಕಾಲೂ ಜೋಡಿ ಪೆಡಲಿನ ಮೇಲಿರುತ್ತಿತ್ತು, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಇಲ್ಲಿ ಒಬ್ಬನೇ. ಎತ್ತರ ತೋರಿಸುವ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ, ಕೆಂಪು ದೀಪ ಹತ್ತುತ್ತದೆ, ನಾನು ಸತ್ತೆ ಎಂದು ಸಾಹೇಬರು ಬರೆದುಕೊಳ್ಳುತ್ತಾರೆ. ಕುಳಿತಲ್ಲೇ ಕುಳಿತು ಒಂಬತ್ತು ಸಲ ಸತ್ತಿದ್ದೇನೆ ಅಕ್ಕಾ.

ಒಂಬತ್ತನೆಯ ಸಲ ಸಾಹೇಬರು ಡಬ್ಬಿಯ ಬದಿಯ ತಗಡು ಬಿಚ್ಚಿಸಿ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನನ್ನ ಕಾಲುಗಳನ್ನೇ ನೋಡಿದರು. ನಿನ್ನ ಕಾಲು ಯಾರ ಮಾತು ಕೇಳುತ್ತವೆ ಎಂದರು. ತಂದೆ ಏನು ಮಾಡುತ್ತಾರೆ ಎಂದರು. ನೇಕಾರ, ನಾನೂ ಒಂಬತ್ತನೆಯ ವಯಸ್ಸಿನಿಂದ ನೆಲದ ಗುಂಡಿಗೆ ಕಾಲಿಳಿಬಿಟ್ಟು ಕುಣಿಮಗ್ಗದಲ್ಲಿ ಕುಳಿತವನು ಎಂದೆ. ಅದನ್ನು ಹೇಳುವಾಗಲೇ ನನಗೂ ತಿಳಿಯಿತು ನೋಡು. ಎಡದ ಮೆಟ್ಟು, ಲಾಳಿ. ಬಲದ ಮೆಟ್ಟು, ಲಾಳಿ. ಒಂದು ಕಾಲು ತುಳಿದ ಮೇಲೆ ಇನ್ನೊಂದು ತುಳಿಯದೆ ಇರುವುದು ನನ್ನ ಕಾಲಿಗೆ ಗೊತ್ತೇ ಇಲ್ಲ. ನೀನು ಪಕ್ಕದಲ್ಲಿ ಲಾಳಿಯ ಕಂಡಿಕಿಗೆ ನೂಲು ಸುತ್ತುತ್ತಾ, ನನ್ನ ಕಾಲು ನಿಂತರೆ ಸಾಕು, ಮೊಣಕಾಲಿಗೆ ಕೋಲಿನಿಂದ ಒಂದು ಕೊಟ್ಟು ‘ನಿದ್ದಿ ಹತ್ತೇತೇನೋ ದೊರಿಮಗನ?’ ಎನ್ನುತ್ತಿದ್ದೆ. ಹಾಗೆ ಕಲಿತದ್ದು ಸಾಯುವಾಗಲೂ ಮರೆಯುವುದಿಲ್ಲವಂತೆ.

ಸಾಹೇಬರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹದಿನೈದು ದಿನ ಊರಿಗೆ ಹೋಗು, ಕಾಲಿಗೆ ಪೂರ್ತಿ ವಿಶ್ರಾಂತಿ ಕೊಡು, ಸೈಕಲ್ಲು ಕೂಡ ತುಳಿಯಬೇಡ, ದಿನಕ್ಕೆ ನೂರು ಸಲ ಒಂದೇ ಕಾಲು ಒತ್ತಿ ಹಿಡಿಯುವುದನ್ನು ಕಲಿತು ಬಾ ಎಂದರು. ಬಾಗಿಲವರೆಗೆ ಬಂದು, ‘ಇಲ್ಲಿ ಸತ್ತರೆ ನಾನು ಬರೀ ಟಿಪ್ಪಣಿ ಬರೆಯುತ್ತೇನೆ, ಮೇಲೆ ಸತ್ತರೆ ನಿನ್ನ ತಂದೆಗೆ ಕಾಗದ ಬರೆಯಬೇಕು’ ಎಂದರು.

ಬಂದು ನೋಡಿದರೆ ಅಪ್ಪ ಹೊರಸಿನ ಮೇಲೆ. ಬಚ್ಚಲಲ್ಲಿ ಜಾರಿ ಬಲಗಾಲಿನ ಹಿಂಬಡ ಮುರಿದುಕೊಂಡಿದ್ದಾನೆ. ದವಾಖಾನಿಯವರು ಪಟ್ಟಿ ಕಟ್ಟಿದ್ದಾರೆ, ನಿನಗೆ ತಿಳಿಸಕೂಡದು ಎಂದು ನನ್ನಿಂದ ಆಣೆ ಮಾಡಿಸಿಕೊಂಡ, ಅದನ್ನೂ ಮುರಿದೆ. ಮಗ್ಗದ ಮೇಲೆ ಬಸುರಿ ನಿನಗೆ ಕುಬಸದಲ್ಲಿ ಉಡಿಸುವ ಹಸಿರು ಸೀರೆ, ಇನ್ನೂ ಎರಡು ಮೊಳ ಸಹ ಆಗಿರಲಿಲ್ಲ. ನಮ್ಮ ಓಣಿಯ ನೇಕಾರ ಹುಲ್ಲಪ್ಪ ಕಾಕಾ ತಾನು ನೇಯ್ದುಕೊಡುತ್ತೇನೆ ಎಂದು ಬಂದರೆ ಅಪ್ಪ ಕೆಂಡವಾದ. ‘ಚೊಚ್ಚಲ ಕುಬಸದ ಸೀರಿ ತವರಮನಿ ಕೈಲೇ ಆಗಬೇಕು. ಅವರವ್ವ ಇಲ್ಲ, ನಾ ಕುಂಟ ಆಗೇನಿ, ಮಗಾ ಅನ್ನಾಂವ ಮನ್ಯಾಗ ಇದ್ದಾನಲ್ಲ’ ಎಂದ. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, ‘ದೊಡ್ಡ ಆಫೀಸರ ಅದೀ, ಕುಣಿಯಾಗ ಕುಂಡ್ರು ಅನ್ನಾಕ ನಂಗೂ ನಾಚಿಕಿ ಆಗತೈತಿ. ಇದೊಂದ ಸೀರಿ ನೀಲ್ಯಾ’ ಎಂದ. ಅಪ್ಪ ನಾಚಿಕೊಂಡು ನನ್ನನ್ನು ಏನಾದರೂ ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಏನು ಹೇಳಲಿ? ನನ್ನ ಕಾಲು ಕುಣಿಗಿಳಿದರೆ ನನ್ನ ಜೀವನ ಮುಗಿಯಿತು ಎನ್ನಲೇ? ಹಾಗೆಂದರೆ ಅವನ ಮಗ್ಗವೇ ನನ್ನನ್ನು ಕೆಡಿಸಿತು ಎಂದ ಹಾಗೆ. ಒಂದು ಗಳಿಗೆ ನಿನ್ನ ಮೇಲೂ ಸಿಟ್ಟು ಬಂತು, ಈಗಲೇ ಬಸುರಾಗಬೇಕಿತ್ತೇ ಇವಳು ಎಂದು. ಕ್ಷಮಿಸು. ಇಳಿದೆ.

ಮೊದಲ ದಿನ ಕಾಲು ತಡವರಿಸಿದವು, ಎರಡು ಕಡೆ ನೂಲು ಹರಿಯಿತು. ಅದನ್ನು ಕಂಡು ನನಗೆ ಆದ ಖುಷಿ ಹೇಳತೀರದು. ಸಂಜೆ ಹಿತ್ತಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಬೀಸುಕಲ್ಲಿಗೆ ಬಲಗಾಲು ಒತ್ತಿ ಇಪ್ಪತ್ತರವರೆಗೆ ಎಣಿಸುತ್ತಿದ್ದೆ. ಪಕ್ಕದ ಮನೆಯ ಜೈನಬಿ ಚಾಚಿ ಗೋಡೆಯ ಮೇಲಿಂದ ಇಣುಕಿ ‘ಏನೋ ಪೈಲೆಟ್ಟಾ, ಕಲ್ಲಿಗೆ ಯಾಕ ಒದಿಯಾಕತ್ತೀ? ಅದೇನ ಮಾಡೇತಿ ನಿಂಗ?’ ಎಂದಳು. ನಾನೂ ನಕ್ಕೆ. ನಾಲ್ಕನೆಯ ದಿನಕ್ಕೆ ಇಪ್ಪತ್ತರ ಬದಲು ಹದಿನೈದಕ್ಕೇ ಕಾಲು ಎದ್ದಿತು. ಎಂಟನೆಯ ದಿನಕ್ಕೆ ಆರಕ್ಕೆ. ಆಮೇಲೆ ಎಣಿಸುವುದನ್ನೇ ಬಿಟ್ಟೆ. ಹಗಲೆಲ್ಲ ತುಳಿದು ಸಂಜೆ ಮರೆಯುತ್ತೇನೆ ಎಂದರೆ ಆಗುವ ಮಾತೇ?

ಮೊನ್ನೆ ಸೆರಗಿನ ಹತ್ತಿರ ಬಂದಾಗ ಅಪ್ಪ ಊರುಗೋಲು ಹಿಡಿದು ಕುಣಿಯ ಅಂಚಿಗೆ ಬಂದು ನಿಂತ. ಅವನು ಹೊಗಳುವವನಲ್ಲ, ನೀನು ಬಲ್ಲೆ. ನಾನು ಆಯ್ಕೆಯಾದ ಕಾಗದ ಬಂದಾಗಲೂ ಬರೀ ‘ಹೂಂ, ಚಲೋ ಆತು’ ಎಂದವನು. ಮೊನ್ನೆ ಅವನ ಕಣ್ಣು ತುಂಬಿದ್ದವು. ‘ಈಗ ನೋಡಪಾ ನಿನ್ನ ಕಾಲು ಸುದ್ದ ಆದವು’ ಎಂದ. ಲಾಳಿ ಬಿಟ್ಟು ಅಳಬೇಕೆನಿಸಿತು, ಆದರೆ ಕಾಲು ನಿಲ್ಲಲಿಲ್ಲ.

ನಿನ್ನೆ ಸೀರೆ ಇಳಿಯಿತು. ಕೆಂಪು ಸೆರಗು, ಅಂಚೂ ಚೆನ್ನಾಗಿ ಬಂದಿದೆ, ಒಂದೂ ಎಳೆ ತಪ್ಪಿಲ್ಲ. ಮಾರ್ಚ್ ಐದಕ್ಕೆ ಅಪ್ಪನೇ ಹುಲ್ಲಪ್ಪ ಕಾಕಾನ ಜೊತೆ ತರುತ್ತಾನೆ. ನಾನು ಹನ್ನೊಂದರ ಬಾಗಲಕೋಟೆ ಬಸ್ಸಿಗೆ ಹೊರಟಿದ್ದೇನೆ, ಅಲ್ಲಿಂದ ರೈಲು. ಸೋಮವಾರ ಏನಾಗುತ್ತದೆ ಎಂದು ನನಗೆ ಗೊತ್ತು, ಈಗ ನಿನಗೂ ಗೊತ್ತು. ಆದರೂ ಹೋಗಿ ಡಬ್ಬಿಯಲ್ಲಿ ಕುಳಿತುಕೊಳ್ಳುವುದು ನನ್ನ ಧರ್ಮ.

ಬಸವಣ್ಣ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ತಣ್ಣಗಿಡಲಿ. ಭಾವನವರಿಗೆ ನನ್ನ ಶರಣು ಹೇಳು. ಭಾರದ ಕೊಡ ಎತ್ತಬೇಡ.

ನಿನ್ನ ತಮ್ಮ,
ನೀಲಪ್ಪ

ತಾ. ಕ.: ಅಕ್ಕಾ, ಇದನ್ನು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಚಹಾಕ್ಕೆಂದು ಇಳಿದೆ, ಮತ್ತೆ ಹತ್ತಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಿದ, ನಾನು ಕಂಬದ ಮರೆಗೆ ಸರಿದೆ. ನನ್ನ ಟ್ರಂಕು ಹೊತ್ತುಕೊಂಡೇ ಬಸ್ಸು ಹೋಯಿತು. ಮೇಲೆ ಬರೆದದ್ದರಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ: ನನಗೆ ಫೇಲಾಗುವ ಹೆದರಿಕೆ ಎಂದೋ ಹೋಗಿದೆ. ಅದೃಷ್ಟಕ್ಕೆ ಒಂದು ಸಲ ಪಾಸಾಗಿಬಿಟ್ಟರೆ? ಖರೆ ವಿಮಾನಕ್ಕೆ ಹತ್ತಿಸಿಬಿಟ್ಟರೆ? ಅದನ್ನು ನೆನೆದೇ ಮತ್ತೆ ಹತ್ತಲಿಲ್ಲ. ನಿನ್ನ ತಮ್ಮ ಹೇಡಿ, ಇನ್ನೇನೂ ಅಲ್ಲ. ಎಲ್ಲಿಗೆ ಹೋಗಬೇಕೋ ತಿಳಿಯದು, ಮನೆಗಂತೂ ಹೋಗಲಾರೆ. ಅಪ್ಪ ಮುರಿದ ಕಾಲಿನಲ್ಲಿ ಬಸ್ಸಿನವರೆಗೂ ಬಂದು ನನ್ನನ್ನು ಹತ್ತಿಸಿ ಹೋಗಿದ್ದಾನೆ. ಅವನಿಗೆ ತಿಳಿಯುವುದು ಕುಬಸವಾದ ಮೇಲೆಯೇ ಆಗಲಿ. ಅಂದು ಅವನು ನಾಲ್ಕು ಮಂದಿಯ ನಡುವೆ ಕುಳಿತು, ನನ್ನ ಮಗ ಈಗ ಜೆಟ್ ಹಾರಿಸುತ್ತಾನೆ ಎಂದು ಹೇಳುತ್ತಾನೆ, ಹೇಳದೆ ಬಿಡುವವನಲ್ಲ. ನಿನ್ನ ಕಡೆ ನೋಡಿದರೆ ನೀನು ಹೂಂ ಅನ್ನು ಅಕ್ಕಾ.